ಹೆಸರಿಗೆ ಬೆಲೆಯೋ, ವಿವರಕ್ಕೆ ಬೆಲೆಯೋ? ಗ್ರಾಫಿಕ್ಸ್ ಕಾರ್ಡ್ ಖರೀದಿಯಲ್ಲಿ ಸಣ್ಣ ಉದ್ಯಮಗಳು ವಹಿಸಬೇಕಾದ ಎಚ್ಚರ

ಶಿವಮೊಗ್ಗದ ಅಡಿಕೆ ಮಂಡಿಯಲ್ಲಿ ‘ಅಡಿಕೆ ಬೇಕು’ ಎಂದಷ್ಟೇ ಹೇಳಿ ವ್ಯವಹಾರ ಮುಗಿಸುವ ವರ್ತಕರಿಲ್ಲ. ರಾಶಿಯೋ, ಬೆಟ್ಟೆಯೋ, ಗೊರಬಲೋ, ಸರಕೋ ಎಂಬುದು ಮೊದಲು ನಿಶ್ಚಯವಾಗುತ್ತದೆ. ಮಾದರಿಯನ್ನು ಕಣ್ಣಾರೆ ಕಂಡ ಬಳಿಕವೇ ದರದ ಮಾತು. ಪೀಣ್ಯದ ಕಾರ್ಖಾನೆಗೆ ವಿದ್ಯುತ್ ಮೋಟಾರು ತರಿಸುವವರೂ ಅಷ್ಟೇ: ಅಶ್ವಶಕ್ತಿ, ನಿಮಿಷಕ್ಕೆ ಎಷ್ಟು ಸುತ್ತು, ವೋಲ್ಟೇಜು, ದಕ್ಷತೆಯ ವರ್ಗ ಇವೆಲ್ಲವನ್ನೂ ನಾಮಫಲಕದಲ್ಲಿ ಓದಿಕೊಂಡ ಮೇಲೆಯೇ ಹಣ ಎಣಿಸುತ್ತಾರೆ. ಆದರೆ ಇಷ್ಟೊಂದು ಎಚ್ಚರದ ಉದ್ಯಮಿಗಳೇ ತಮ್ಮ ವಿನ್ಯಾಸ ವಿಭಾಗಕ್ಕೆ ಗಣಕಯಂತ್ರ ಕೊಳ್ಳಲು ಹೊರಟಾಗ ಕೇಳುವ ಪ್ರಶ್ನೆ ಸಾಮಾನ್ಯವಾಗಿ ಒಂದೇ: ‘ಗ್ರಾಫಿಕ್ಸ್ ಕಾರ್ಡ್ ಎಷ್ಟು ಜಿಬಿ?’

ಈ ಒಂದು ಪ್ರಶ್ನೆಗೆ ಸಿಗುವ ಉತ್ತರವು ಸರಕಿನ ಗುಣವನ್ನೂ ತಿಳಿಸುವುದಿಲ್ಲ, ಅದು ಮಾಡಬಲ್ಲ ಕೆಲಸವನ್ನೂ ತಿಳಿಸುವುದಿಲ್ಲ. ಗ್ರಾಫಿಕ್ಸ್ ಕಾರ್ಡಿನ ಹೆಸರು ಅದರ ವಿವರವಲ್ಲ. ಅದರ ತಾಂತ್ರಿಕ ವಿವರ ಅದರ ಕಾರ್ಯಕ್ಷಮತೆಯಲ್ಲ. ಯಾರೋ ಪ್ರಕಟಿಸಿದ ಕಾರ್ಯಕ್ಷಮತೆಯ ಅಂಕ ಖರೀದಿದಾರನ ಕೆಲಸದ ಅಳತೆಯೂ ಅಲ್ಲ. ಆದ್ದರಿಂದ ಪೂರ್ಣ ವಿವರವನ್ನು ಬರಹದಲ್ಲಿ ಪಡೆಯುವುದು ಮತ್ತು ತನ್ನದೇ ಕೆಲಸವನ್ನು ಒರೆಗಲ್ಲಾಗಿ ಬಳಸುವುದು, ಈ ಎರಡು ಪದ್ಧತಿಗಳು ವ್ಯಾಪಾರ ವಲಯದಲ್ಲಿ ರೂಢಿಗೆ ಬರಬೇಕಾಗಿದೆ.

ಆಟದ ಸಾಮಗ್ರಿಯಿಂದ ಉತ್ಪಾದನೆಯ ಉಪಕರಣಕ್ಕೆ

ಎನ್‌ವಿಡಿಯಾ ಸಂಸ್ಥೆಯು 1999ರಲ್ಲಿ ‘ಜೀಫೋರ್ಸ್ 256’ ಎಂಬ ಕಾರ್ಡನ್ನು ಜಗತ್ತಿನ ಮೊದಲ ಜಿಪಿಯು ಎಂದು ಪ್ರಚಾರ ಮಾಡಿದಾಗ, ಅದರ ಮುಖ್ಯ ಗ್ರಾಹಕರು ಗಣಕಯಂತ್ರದಲ್ಲಿ ಆಟವಾಡುವವರಾಗಿದ್ದರು. ಇಂದು ಪರಿಸ್ಥಿತಿ ಬದಲಾಗಿದೆ. ಅಚ್ಚು ತಯಾರಿಸುವ ಟೂಲ್‌ರೂಮುಗಳು, ಎರಕದ ಭಾಗಗಳಿಗೆ ಮೂರು ಆಯಾಮದ ನಕ್ಷೆ ಸಿದ್ಧಪಡಿಸುವ ಫೌಂಡ್ರಿಗಳು, ಪೀಠೋಪಕರಣ ವಿನ್ಯಾಸಕಾರರು, ಕಟ್ಟಡ ವಿನ್ಯಾಸಕರು, ಮದುವೆ ವಿಡಿಯೊ ಸಂಕಲನ ಮಾಡುವ ಸ್ಟುಡಿಯೊಗಳು, ಫ್ಲೆಕ್ಸ್ ಮತ್ತು ಪ್ಯಾಕೇಜಿಂಗ್ ಮುದ್ರಕರು, ಎಲ್ಲರ ಮೇಜಿನ ಮೇಲೂ ಈ ಉಪಕರಣ ಕುಳಿತಿದೆ. ಲೇತು, ಮಿಲ್ಲಿಂಗ್ ಯಂತ್ರಗಳಂತೆಯೇ ಇದೂ ಬಂಡವಾಳದ ವೆಚ್ಚ.

ತಪ್ಪು ಆಯ್ಕೆಯ ನಷ್ಟವನ್ನು ಸರಳ ಲೆಕ್ಕದಲ್ಲಿ ನೋಡಬಹುದು. ಪರದೆಯ ಮೇಲಿನ ಚಿತ್ರ ತಿರುಗಲೆಂದು ಒಬ್ಬ ವಿನ್ಯಾಸಕಾರನು ದಿನಕ್ಕೆ ಅರ್ಧ ಗಂಟೆ ಕಾಯಬೇಕಾಗಿ ಬಂದರೆ, 300 ಕೆಲಸದ ದಿನಗಳಲ್ಲಿ ಅದು 150 ಗಂಟೆಯಾಗುತ್ತದೆ; ದಿನಕ್ಕೆ ಎಂಟು ಗಂಟೆಯಂತೆ ಸುಮಾರು 19 ದಿನಗಳ ಸಂಬಳ ನೀರಿನಲ್ಲಿ ಹೋಮ. ಇನ್ನೊಂದೆಡೆ, ಬೇಡದ ಶಕ್ತಿಗೆ ಹಣ ತೆತ್ತರೂ ನಷ್ಟವೇ. ಎರಡು ಕಾರ್ಡುಗಳ ನಡುವೆ 100 ವ್ಯಾಟ್ ವ್ಯತ್ಯಾಸವಿದ್ದು, ದಿನಕ್ಕೆ ಎಂಟು ಗಂಟೆ ಪೂರ್ಣ ಹೊರೆಯಲ್ಲಿ ಓಡಿದರೆ, ವರ್ಷದ 300 ದಿನಗಳಲ್ಲಿ 240 ಯೂನಿಟ್ ವಿದ್ಯುತ್ ಹೆಚ್ಚಾಗಿ ವ್ಯಯವಾಗುತ್ತದೆ. ಯುಪಿಎಸ್ ಸಾಮರ್ಥ್ಯವನ್ನೂ ಅದಕ್ಕೆ ತಕ್ಕಂತೆ ಹೆಚ್ಚಿಸಬೇಕಾಗುತ್ತದೆ. ಹತ್ತು ಜನರ ಘಟಕಕ್ಕೆ ಇವು ಸಣ್ಣ ಮೊತ್ತಗಳಲ್ಲ.

ಒಂದೇ ಹೆಸರು, ಬೇರೆ ಸರಕು

ಹೆಸರನ್ನು ನಂಬಿ ಕೊಳ್ಳುವುದರ ಅಪಾಯಕ್ಕೆ ಕಳೆದ ದಶಕದಲ್ಲಿ ಹಲವು ನಿದರ್ಶನಗಳು ದೊರೆತಿವೆ. 2017ರಲ್ಲಿ ಮಾರುಕಟ್ಟೆಗೆ ಬಂದ ‘ಜಿಟಿ 1030’ ಕಾರ್ಡಿನಲ್ಲಿ ಜಿಡಿಡಿಆರ್5 ಬಗೆಯ 2 ಜಿಬಿ ಮೆಮೊರಿ ಇತ್ತು. ಸೆಕೆಂಡಿಗೆ ಸುಮಾರು 48 ಜಿಬಿ ಮಾಹಿತಿ ಹರಿಯುತ್ತಿತ್ತು. ಮರುವರ್ಷ ಅದೇ ‘ಜಿಟಿ 1030’ ಹೆಸರಿನಲ್ಲಿ, ಅದೇ 2 ಜಿಬಿಯೊಡನೆ, ಆದರೆ ಸಾಮಾನ್ಯ ಡಿಡಿಆರ್4 ಮೆಮೊರಿಯ ಕಾರ್ಡು ಬಂದಿತು. ಅದರಲ್ಲಿ ಹರಿಯುವ ಮಾಹಿತಿ ಸೆಕೆಂಡಿಗೆ ಸುಮಾರು 17 ಜಿಬಿ ಮಾತ್ರ, ಎಂದರೆ ಮೊದಲಿನದರ ಮೂರನೆಯ ಒಂದು ಭಾಗಕ್ಕಿಂತ ತುಸು ಹೆಚ್ಚು. ‘ಎಷ್ಟು ಜಿಬಿ?’ ಎಂಬ ಪ್ರಶ್ನೆಗೆ ಎರಡೂ ಕಾರ್ಡುಗಳು ಒಂದೇ ಉತ್ತರ ಕೊಡುತ್ತಿದ್ದವು.

2016ರ ‘ಜಿಟಿಎಕ್ಸ್ 1060’ ಕಾರ್ಡು 3 ಜಿಬಿ ಮತ್ತು 6 ಜಿಬಿ ಎಂಬ ಎರಡು ರೂಪಗಳಲ್ಲಿ ದೊರೆಯಿತು. ವ್ಯತ್ಯಾಸ ಮೆಮೊರಿಯದ್ದಷ್ಟೇ ಎಂದು ಅನೇಕರು ಭಾವಿಸಿದ್ದರು. ವಾಸ್ತವದಲ್ಲಿ 6 ಜಿಬಿ ಕಾರ್ಡಿನಲ್ಲಿ 1,280 ಗಣನಾ ಘಟಕಗಳಿದ್ದರೆ, 3 ಜಿಬಿ ಕಾರ್ಡಿನಲ್ಲಿ 1,152 ಮಾತ್ರ ಇದ್ದವು. ‘ಆರ್‌ಟಿಎಕ್ಸ್ 3050’ ಇದೇ ಹಾದಿ ಹಿಡಿಯಿತು. 2022ರ 8 ಜಿಬಿ ಕಾರ್ಡಿನಲ್ಲಿ 2,560 ಗಣನಾ ಘಟಕಗಳೂ 128 ಬಿಟ್ ಅಗಲದ ಮೆಮೊರಿ ಮಾರ್ಗವೂ ಇದ್ದವು. 2024ರ 6 ಜಿಬಿ ಕಾರ್ಡಿನಲ್ಲಿ 2,304 ಘಟಕಗಳು, 96 ಬಿಟ್ ಮಾರ್ಗ. ಹಾಗೆಂದು ಎರಡನೆಯದು ಕೆಟ್ಟ ಸರಕೆಂದು ಅರ್ಥವಲ್ಲ. 130 ವ್ಯಾಟ್ ಬದಲಿಗೆ 70 ವ್ಯಾಟ್‌ನಲ್ಲಿ ನಡೆಯುವ ಆ ಕಾರ್ಡು, ಪ್ರತ್ಯೇಕ ವಿದ್ಯುತ್ ಸಂಪರ್ಕವಿಲ್ಲದ ಹಳೆಯ ಕಚೇರಿ ಗಣಕಗಳಿಗೆ ಹೇಳಿ ಮಾಡಿಸಿದಂತಿದೆ. ಗೊರಬಲನ್ನು ಗೊರಬಲೆಂದೇ ಹೇಳಿ ಮಾರಿದರೆ ಯಾರ ತಕರಾರೂ ಇರುವುದಿಲ್ಲ. ರಾಶಿಯ ಹೆಸರಿನಲ್ಲಿ ಮಾರಿದಾಗಲೇ ತಕರಾರು ಹುಟ್ಟುತ್ತದೆ.

ಗ್ರಾಹಕರು ಪ್ರಶ್ನಿಸಿದರೆ ತಯಾರಕರೂ ಮಣಿಯಬೇಕಾಗುತ್ತದೆ ಎಂಬುದಕ್ಕೆ 2022ರ ಪ್ರಸಂಗ ಸಾಕ್ಷಿ. ಆ ವರ್ಷದ ಸೆಪ್ಟೆಂಬರಿನಲ್ಲಿ ‘ಆರ್‌ಟಿಎಕ್ಸ್ 4080’ ಹೆಸರಿನಲ್ಲಿ 16 ಜಿಬಿ ಮತ್ತು 12 ಜಿಬಿ ಕಾರ್ಡುಗಳನ್ನು ಎನ್‌ವಿಡಿಯಾ ಘೋಷಿಸಿತು. ಮೊದಲನೆಯದರಲ್ಲಿ 9,728 ಗಣನಾ ಘಟಕಗಳು, ಎರಡನೆಯದರಲ್ಲಿ 7,680. ಒಂದೇ ಹೆಸರು ಗೊಂದಲಕ್ಕೆ ಎಡೆಮಾಡುತ್ತದೆಂಬ ತೀವ್ರ ಟೀಕೆ ಬಂದ ಮೇಲೆ ಅಕ್ಟೋಬರಿನಲ್ಲಿ ಸಂಸ್ಥೆಯು 12 ಜಿಬಿ ಕಾರ್ಡಿನ ಬಿಡುಗಡೆಯನ್ನು ಹಿಂದೆಗೆದುಕೊಂಡಿತು. 2023ರ ಜನವರಿಯಲ್ಲಿ ಅದು ‘ಆರ್‌ಟಿಎಕ್ಸ್ 4070 ಟಿಐ’ ಎಂಬ ಬೇರೆ ಹೆಸರಿನಲ್ಲಿ ಬಂದಿತು.

ಲ್ಯಾಪ್‌ಟಾಪ್‌ಗಳಲ್ಲಿ ಗೊಂದಲ ಇನ್ನೂ ಹೆಚ್ಚು. ‘ಆರ್‌ಟಿಎಕ್ಸ್ 4090’ ಮೇಜಿನ ಗಣಕದ ಕಾರ್ಡಿನಲ್ಲಿ 16,384 ಗಣನಾ ಘಟಕಗಳು, 24 ಜಿಬಿ ಮೆಮೊರಿ. ಅದೇ ಅಂಕೆಯ ಲ್ಯಾಪ್‌ಟಾಪ್ ಆವೃತ್ತಿಯಲ್ಲಿ 9,728 ಘಟಕಗಳು, 16 ಜಿಬಿ. ಲ್ಯಾಪ್‌ಟಾಪಿನ ‘ಆರ್‌ಟಿಎಕ್ಸ್ 4060’ ಅನ್ನು 35 ವ್ಯಾಟ್‌ನಿಂದ 115 ವ್ಯಾಟ್‌ವರೆಗೆ ಯಾವ ಮಿತಿಯಲ್ಲಿ ಬೇಕಾದರೂ ಅಳವಡಿಸಲು ತಯಾರಕರಿಗೆ ಅವಕಾಶವಿತ್ತು. ಒಂದೇ ಹೆಸರಿನ ಎರಡು ಲ್ಯಾಪ್‌ಟಾಪ್‌ಗಳು ಕೆಲಸದಲ್ಲಿ ಅಜಗಜಾಂತರ ತೋರುವುದಕ್ಕೆ ಇದೇ ಕಾರಣ.

ಅಂಕೆಗಳನ್ನು ಓದುವ ಬಗೆ

ಹೆಸರನ್ನು ಬಿಟ್ಟು ತಾಂತ್ರಿಕ ವಿವರಗಳ ಪಟ್ಟಿಯನ್ನು ನೋಡಿದರೂ ಅಂಕೆಗಳ ಅರ್ಥ ತಿಳಿದಿರಬೇಕು. ಗಣನಾ ಘಟಕಗಳ ಸಂಖ್ಯೆಯನ್ನು ಒಂದೇ ಪೀಳಿಗೆಯ, ಒಂದೇ ತಯಾರಕರ ಕಾರ್ಡುಗಳ ನಡುವೆ ಮಾತ್ರ ಹೋಲಿಸಬಹುದು. 2018ರ ‘ಆರ್‌ಟಿಎಕ್ಸ್ 2080 ಟಿಐ’ನಲ್ಲಿ ಇಂತಹ ಘಟಕಗಳು 4,352, 2020ರ ‘ಆರ್‌ಟಿಎಕ್ಸ್ 3070’ರಲ್ಲಿ 5,888. ಸಂಖ್ಯೆಯಲ್ಲಿ ಶೇ. 35ರಷ್ಟು ಹೆಚ್ಚಳವಿದ್ದರೂ ಆಟಗಳಲ್ಲಿ ಎರಡರ ವೇಗ ಬಹುಮಟ್ಟಿಗೆ ಸಮನಾಗಿತ್ತು. ಹೊಸ ಪೀಳಿಗೆಯಲ್ಲಿ ಘಟಕಗಳ ರಚನೆಯೂ ಎಣಿಕೆಯ ರೀತಿಯೂ ಬದಲಾಗಿದ್ದುದೇ ಇದಕ್ಕೆ ಕಾರಣ. ಹೀಗಿರುವಾಗ ಎನ್‌ವಿಡಿಯಾ ಕಾರ್ಡಿನ ಸಂಖ್ಯೆಯನ್ನು ಎಎಂಡಿ ಅಥವಾ ಇಂಟೆಲ್ ಕಾರ್ಡಿನ ಸಂಖ್ಯೆಯ ಎದುರಿಗಿಟ್ಟು ತೂಗುವುದು, ಸೇರನ್ನು ಮೊಳದೊಂದಿಗೆ ಹೋಲಿಸಿದಂತೆ.

ಎರಡನೆಯದು, ಮೆಮೊರಿಯಲ್ಲಿ ಮಾಹಿತಿ ಹರಿಯುವ ಪ್ರಮಾಣ. ಇದನ್ನು ಯಾರು ಬೇಕಾದರೂ ಲೆಕ್ಕ ಹಾಕಬಹುದು. ಮಾರ್ಗದ ಅಗಲವನ್ನು ಮೆಮೊರಿಯ ವೇಗದಿಂದ ಗುಣಿಸಿ ಎಂಟರಿಂದ ಭಾಗಿಸಬೇಕು. 2023ರ ‘ಆರ್‌ಟಿಎಕ್ಸ್ 4060’ರಲ್ಲಿ 128 ಬಿಟ್ ಅಗಲ, ಸೆಕೆಂಡಿಗೆ 17 ಗಿಗಾಬಿಟ್ ವೇಗ, ಫಲಿತಾಂಶ ಸೆಕೆಂಡಿಗೆ 272 ಜಿಬಿ. ಅದಕ್ಕಿಂತ ಹಿಂದಿನ, 2021ರ 12 ಜಿಬಿಯ ‘ಆರ್‌ಟಿಎಕ್ಸ್ 3060’ರಲ್ಲಿ ಇದು 360 ಜಿಬಿ, ಗಣನಾ ಘಟಕಗಳೂ ಅದರಲ್ಲೇ ಹೆಚ್ಚು, 3,584ಕ್ಕೆ ಎದುರಾಗಿ 3,072. ಕಾಗದದ ಮೇಲೆ ಹಳೆಯದೇ ಮೇಲು. ಆದರೂ ಹೆಚ್ಚಿನ ಆಟಗಳಲ್ಲಿ ಹೊಸದೇ ವೇಗವಾಗಿ ಓಡುತ್ತದೆ. ಅದರ ಗಡಿಯಾರ ವೇಗ ಹೆಚ್ಚಿದ್ದು, ಚಿಪ್ಪಿನೊಳಗಿನ ಎರಡನೆಯ ಹಂತದ ಕ್ಯಾಷ್ ಮೆಮೊರಿ 3 ಎಂಬಿಯಿಂದ 24 ಎಂಬಿಗೆ ಏರಿದೆ. ವಿದ್ಯುತ್ ಬಳಕೆಯೂ 170 ವ್ಯಾಟ್‌ನಿಂದ 115 ವ್ಯಾಟ್‌ಗೆ ಇಳಿದಿದೆ. ಹಾಗಾದರೆ ಹೊಸದೇ ಉತ್ತಮವೆಂದು ತೀರ್ಮಾನಿಸಬಹುದೇ? ಅದೂ ಆಗದು. 8 ಜಿಬಿಗಿಂತ ಹೆಚ್ಚು ಮೆಮೊರಿ ಬೇಡುವ ದೊಡ್ಡ ಮೂರು ಆಯಾಮದ ದೃಶ್ಯವನ್ನು ರೂಪಿಸಬೇಕಾದಲ್ಲಿ 12 ಜಿಬಿಯ ಹಳೆಯ ಕಾರ್ಡು ಕೆಲಸ ಮುಗಿಸೀತು; 8 ಜಿಬಿಯ ಹೊಸ ಕಾರ್ಡು ಏದುಸಿರು ಬಿಟ್ಟೀತು ಅಥವಾ ನಿಂತೇ ಹೋದೀತು.

ಮೆಮೊರಿಯ ಪ್ರಮಾಣವು ಗೋದಾಮಿನ ವಿಸ್ತೀರ್ಣವಿದ್ದಂತೆ, ಹರಿವಿನ ಪ್ರಮಾಣವು ಗೋದಾಮಿನ ಬಾಗಿಲಿದ್ದಂತೆ. ಸರಕು ಹಿಡಿಸದ ಗೋದಾಮಿಗೆ ದೊಡ್ಡ ಬಾಗಿಲಿದ್ದರೇನು ಪ್ರಯೋಜನ? ಲಾರಿ ನುಗ್ಗದ ಬಾಗಿಲಿನ ಹಿಂದೆ ಎಕರೆಗಟ್ಟಲೆ ಜಾಗವಿದ್ದರೇನು ಫಲ? ‘ಎಷ್ಟು ಜಿಬಿ?’ ಎಂಬ ಪ್ರಶ್ನೆ ವಿಸ್ತೀರ್ಣವನ್ನು ಮಾತ್ರ ಕೇಳುತ್ತದೆ.

ಕಾರ್ಯಕ್ಷಮತೆಯ ಅಂಕಗಳೆಷ್ಟು ನಂಬಲರ್ಹ?

ವಿವರಗಳು ಸಾಲದಿದ್ದರೆ ಪರೀಕ್ಷೆಯ ಅಂಕಗಳನ್ನು ನೋಡಬಹುದಲ್ಲ ಎಂಬ ಸಲಹೆ ಸಹಜ. ಆದರೆ ಇತಿಹಾಸವು ಇಲ್ಲಿಯೂ ಎಚ್ಚರಿಕೆ ಹೇಳುತ್ತದೆ. 2001ರಲ್ಲಿ ಎಟಿಐ ಸಂಸ್ಥೆಯ ‘ರೇಡಿಯಾನ್ 8500’ ಕಾರ್ಡಿನ ಚಾಲಕ ತಂತ್ರಾಂಶವು, ಹೋಲಿಕೆಗೆ ಆಗ ವ್ಯಾಪಕವಾಗಿ ಬಳಕೆಯಲ್ಲಿದ್ದ ‘ಕ್ವೇಕ್ 3’ ಆಟವನ್ನು ಅದರ ಕಡತದ ಹೆಸರಿನಿಂದಲೇ ಗುರುತಿಸಿ ಚಿತ್ರದ ಗುಣಮಟ್ಟವನ್ನು ತಗ್ಗಿಸಿ ವೇಗ ತೋರುತ್ತಿದ್ದುದು ಬೆಳಕಿಗೆ ಬಂದಿತು. ಕಡತದ ಹೆಸರಿನಲ್ಲಿ ಅಕ್ಷರ ಬದಲಿಸಿ ‘ಕ್ವ್ಯಾಕ್’ ಎಂದು ಮಾಡಿದೊಡನೆ ಆ ವೇಗ ಕುಸಿಯಿತು. 2003ರಲ್ಲಿ ‘3ಡಿಮಾರ್ಕ್03’ ಪರೀಕ್ಷೆಯನ್ನು ರೂಪಿಸಿದ ಫ್ಯೂಚರ್‌ಮಾರ್ಕ್ ಸಂಸ್ಥೆಯು, ಎನ್‌ವಿಡಿಯಾದ ಚಾಲಕ ತಂತ್ರಾಂಶವು ತನ್ನ ಪರೀಕ್ಷೆಯನ್ನು ಗುರುತಿಸಿ ಅಂಕ ಹೆಚ್ಚಿಸಿಕೊಳ್ಳುತ್ತಿದೆಯೆಂದು ವರದಿ ಪ್ರಕಟಿಸಿತು. ಪರೀಕ್ಷೆಯನ್ನು ತಿದ್ದಿದ ಬಳಿಕ ‘ಜೀಫೋರ್ಸ್ ಎಫ್ಎಕ್ಸ್ 5900 ಅಲ್ಟ್ರಾ’ ಕಾರ್ಡಿನ ಅಂಕ ಸುಮಾರು ಶೇ. 24ರಷ್ಟು ಇಳಿಯಿತು. ಎಟಿಐ ಅಂಕವೂ ಶೇ. 2ರ ಆಸುಪಾಸಿನಲ್ಲಿ ತಗ್ಗಿತು. ಅನಂತರದ ಜಂಟಿ ಹೇಳಿಕೆಯಲ್ಲಿ ಫ್ಯೂಚರ್‌ಮಾರ್ಕ್ ಸಂಸ್ಥೆಯು ‘ವಂಚನೆ’ ಎಂಬ ಮಾತಿನಿಂದ ಹಿಂದೆ ಸರಿದರೂ, ಅಂಕ ಇಳಿದದ್ದು ಮಾತ್ರ ದಿಟ.

ತಯಾರಕರು ಪ್ರಕಟಿಸಿದ ವಿವರಗಳೇ ತಪ್ಪಾಗಿದ್ದ ಸಂದರ್ಭವೂ ಉಂಟು. 2014ರ ಸೆಪ್ಟೆಂಬರಿನಲ್ಲಿ ಬಂದ ‘ಜಿಟಿಎಕ್ಸ್ 970’ ಕಾರ್ಡಿನ 4 ಜಿಬಿ ಮೆಮೊರಿಯಲ್ಲಿ ಕೊನೆಯ ಅರ್ಧ ಜಿಬಿ ಬಹಳ ನಿಧಾನವಾಗಿ ನಡೆಯುವ ಪ್ರತ್ಯೇಕ ಭಾಗವೆಂಬುದು 2015ರ ಜನವರಿಯಲ್ಲಿ ತಿಳಿದುಬಂದಿತು. ಚಿತ್ರವನ್ನು ಅಂತಿಮಗೊಳಿಸುವ ‘ಆರ್‌ಒಪಿ’ ಘಟಕಗಳೂ ಪ್ರಕಟಿಸಿದ 64ರ ಬದಲು 56 ಮಾತ್ರ ಇದ್ದವು. ಅಮೆರಿಕದಲ್ಲಿ ಗ್ರಾಹಕರು ಸಾಮೂಹಿಕ ದಾವೆ ಹೂಡಿದರು. 2016ರ ರಾಜಿಯಂತೆ ಅಲ್ಲಿನ ಖರೀದಿದಾರರಿಗೆ ಕಾರ್ಡೊಂದಕ್ಕೆ 30 ಡಾಲರ್ ಪರಿಹಾರ ನಿಗದಿಯಾಯಿತು. 2025ರಲ್ಲಿ ‘ಆರ್‌ಟಿಎಕ್ಸ್ 5090’ ಮತ್ತು ‘5070 ಟಿಐ’ ಕಾರ್ಡುಗಳ ಪೈಕಿ ಸುಮಾರು ಶೇ. 0.5ರಷ್ಟರಲ್ಲಿ ಇದೇ ‘ಆರ್‌ಒಪಿ’ ಘಟಕಗಳ ಕೊರತೆಯಿದ್ದುದನ್ನು ಎನ್‌ವಿಡಿಯಾ ಒಪ್ಪಿಕೊಂಡು ಬದಲಿ ಕಾರ್ಡು ಪಡೆಯಬಹುದೆಂದಿತು. ಇದನ್ನು ಪತ್ತೆ ಹಚ್ಚಿದವರು ತಜ್ಞರ ಸಮಿತಿಯವರಲ್ಲ. ‘ಜಿಪಿಯು-ಜೆಡ್’ ಎಂಬ ಉಚಿತ ತಂತ್ರಾಂಶವನ್ನು ತೆರೆದು ನೋಡಿದ ಸಾಮಾನ್ಯ ಬಳಕೆದಾರರು.

ತನ್ನ ಕೆಲಸವೇ ಒರೆಗಲ್ಲು

ಒಂದೇ ಜೋಡಿ ಕಾರ್ಡುಗಳು ಎರಡು ಕೆಲಸಗಳಲ್ಲಿ ವಿರುದ್ಧ ಫಲಿತಾಂಶ ನೀಡುವುದುಂಟು. 2021ರಲ್ಲಿ ಬಂದ ‘ಆರ್‌ಟಿಎಕ್ಸ್ ಎ2000’ ವೃತ್ತಿಪರ ಬಳಕೆಯ ಕಾರ್ಡು. ಅದರಲ್ಲಿರುವುದು ‘ಆರ್‌ಟಿಎಕ್ಸ್ 3060’ರಲ್ಲಿರುವ ಕುಟುಂಬದ ಚಿಪ್ಪೇ. ಗಣನಾ ಘಟಕಗಳು 3,328, ಹರಿವು ಸೆಕೆಂಡಿಗೆ 288 ಜಿಬಿ, ವಿದ್ಯುತ್ 70 ವ್ಯಾಟ್. ಕಾಗದದ ಮೇಲೆ ‘3060’ ಎಲ್ಲದರಲ್ಲೂ ಮುಂದು. ‘ಬ್ಲೆಂಡರ್’ ತಂತ್ರಾಂಶದಲ್ಲಿ ಚಿತ್ರ ರೂಪಿಸುವಾಗ ಆ ಮುನ್ನಡೆ ನಿಜವೂ ಆಗುತ್ತದೆ. ಆದರೆ ಸೀಮೆನ್ಸ್ ಎನ್ಎಕ್ಸ್‌ನಂತಹ ಎಂಜಿನಿಯರಿಂಗ್ ವಿನ್ಯಾಸ ತಂತ್ರಾಂಶದಲ್ಲಿ ವೃತ್ತಿಪರ ಕಾರ್ಡುಗಳು ಆಟದ ಕಾರ್ಡುಗಳನ್ನು ಬಹಳ ಹಿಂದೆ ಹಾಕುತ್ತವೆ. ಅವುಗಳ ಚಾಲಕ ತಂತ್ರಾಂಶವನ್ನು ಇಂತಹ ಕೆಲಸಕ್ಕೆಂದೇ ಹದಗೊಳಿಸಲಾಗಿರುತ್ತದೆ. ಸಾಲಿಡ್‌ವರ್ಕ್ಸ್‌ನಲ್ಲಿ ‘ರಿಯಲ್‌ವ್ಯೂ’ ಎಂಬ ಸೌಲಭ್ಯವನ್ನು ಮಾನ್ಯತೆ ಪಡೆದ ಕಾರ್ಡುಗಳಿಗೆ ಮಾತ್ರ ಮೀಸಲಿಡಲಾಗಿದೆ. ಆದುದರಿಂದ ಅಚ್ಚು ವಿನ್ಯಾಸಕಾರನಿಗೆ ಯಾವುದು ಲಾಭವೋ ಅದು ಜಾಹೀರಾತು ಚಿತ್ರ ನಿರ್ಮಾಪಕನಿಗೆ ನಷ್ಟವಾಗಬಹುದು.

ಇನ್ನು ಕೆಲವು ಕೆಲಸಗಳಿಗೆ ದುಬಾರಿ ಕಾರ್ಡಿನ ಅಗತ್ಯವೇ ಇರುವುದಿಲ್ಲ. ಆಟೋಕ್ಯಾಡ್‌ನಲ್ಲಿ ಎರಡು ಆಯಾಮದ ನಕ್ಷೆ ಬರೆಯುವ ವೇಗವು ಮುಖ್ಯವಾಗಿ ಗಣಕದ ಪ್ರೊಸೆಸರನ್ನು ಅವಲಂಬಿಸಿದೆ. ಅಂತಹ ಘಟಕವು ಗ್ರಾಫಿಕ್ಸ್ ಕಾರ್ಡಿಗೆ ಸುರಿಯುವ ಹೆಚ್ಚುವರಿ ಹಣವನ್ನು ಒಳ್ಳೆಯ ಪ್ರೊಸೆಸರ್ ಮತ್ತು ಮೆಮೊರಿಗೆ ತೊಡಗಿಸುವುದು ಲೇಸು.

ಕಾರ್ಡು ಕೂರುವ ಗಣಕವೂ ಫಲಿತಾಂಶವನ್ನು ಬದಲಿಸುತ್ತದೆ. ಎಎಂಡಿಯ 2022ರ ‘ಆರ್‌ಎಕ್ಸ್ 6500 ಎಕ್ಸ್‌ಟಿ’ ಕಾರ್ಡು ಗಣಕದೊಂದಿಗೆ ಮಾತನಾಡಲು ನಾಲ್ಕು ಪಿಸಿಐ ಎಕ್ಸ್‌ಪ್ರೆಸ್ ಮಾರ್ಗಗಳನ್ನು ಮಾತ್ರ ಬಳಸುತ್ತದೆ. ನಾಲ್ಕನೆಯ ಪೀಳಿಗೆಯ ಪಿಸಿಐ ಎಕ್ಸ್‌ಪ್ರೆಸ್ ಇರುವ ಹೊಸ ಗಣಕದಲ್ಲಿ ಅದು ತಕ್ಕಮಟ್ಟಿಗೆ ನಡೆಯುತ್ತದೆ. ಮೂರನೆಯ ಪೀಳಿಗೆಯ ಹಳೆಯ ಗಣಕದಲ್ಲಿ ಮಾರ್ಗದ ವೇಗ ಅರ್ಧಕ್ಕಿಳಿಯುವುದರಿಂದ ಕುಂಟುತ್ತದೆ. ಹಳೆಯ ಗಣಕಕ್ಕೆ ಅಗ್ಗದ ಕಾರ್ಡು ಹಾಕಿ ಕೆಲಸ ಸಾಗಿಸಬೇಕೆಂದಿದ್ದವರಿಗೇ ಅದು ಹೆಚ್ಚು ನಿರಾಸೆ ಮಾಡಿತು. ವಿಡಿಯೊವನ್ನು ಸಂಕ್ಷೇಪಿಸಿ ಬರೆಯುವ ಎನ್‌ಕೋಡರ್ ಕೂಡ ಅದರಲ್ಲಿಲ್ಲ. ಮದುವೆ ವಿಡಿಯೊ ಸ್ಟುಡಿಯೊಗೆ ಇದು ತಿಳಿದಿರಲೇಬೇಕಾದ ಸಂಗತಿ. ಇಂಟೆಲ್‌ನ ‘ಆರ್ಕ್’ ಕಾರ್ಡುಗಳು ‘ರಿಸೈಜಬಲ್ ಬಾರ್’ ಸೌಲಭ್ಯವಿಲ್ಲದ ಗಣಕಗಳಲ್ಲಿ ಗಣನೀಯವಾಗಿ ಹಿಂದೆ ಬೀಳುತ್ತವೆ.

ಎಂಜಿನಿಯರಿಂಗ್ ತಂತ್ರಾಂಶಗಳ ನೈಜ ಕೆಲಸವನ್ನು ಆಧರಿಸಿದ ‘ಸ್ಪೆಕ್‌ವ್ಯೂಪರ್ಫ್’ ಪರೀಕ್ಷೆಯಂತಹ ಸಾಧನಗಳು ಮೊದಲ ಸೋಸುವಿಕೆಗೆ ಉಪಯುಕ್ತ. ಕೊನೆಯ ತೀರ್ಮಾನಕ್ಕೆ ಮಾತ್ರ ಘಟಕದ ಅತ್ಯಂತ ಭಾರವಾದ ಕಡತವೇ ಆಧಾರವಾಗಬೇಕು. ಅದನ್ನು ಪೆನ್‌ಡ್ರೈವ್‌ನಲ್ಲಿ ಕೊಂಡೊಯ್ದು, ಗಡಿಯಾರವಿಟ್ಟು ಅಳೆಯುವುದಕ್ಕೆ ಯಾವ ತಜ್ಞತೆಯೂ ಬೇಕಿಲ್ಲ.

ಕಾನೂನಿನ ದೃಷ್ಟಿ

ವಿವರವನ್ನು ಬರಹದಲ್ಲಿ ಪಡೆಯಬೇಕೆಂಬುದಕ್ಕೆ ಕಾನೂನಿನ ಬಲವಾದ ಕಾರಣವಿದೆ. ಗ್ರಾಹಕರ ಸಂರಕ್ಷಣಾ ಅಧಿನಿಯಮ, 2019ರ ಪ್ರಕಾರ ವಾಣಿಜ್ಯ ಉದ್ದೇಶಕ್ಕೆ ಸರಕು ಕೊಂಡವರು ‘ಗ್ರಾಹಕ’ರ ವ್ಯಾಖ್ಯೆಯಲ್ಲಿ ಬರುವುದಿಲ್ಲ, ಸ್ವಯಂ ಉದ್ಯೋಗದ ಮೂಲಕ ಜೀವನೋಪಾಯಕ್ಕಾಗಿಯೇ ಸರಕು ಬಳಸುವವರಿಗೆ ಮಾತ್ರ ವಿನಾಯಿತಿ ಇದೆ. ಆದುದರಿಂದ ಕಾರ್ಮಿಕರನ್ನು ಇಟ್ಟುಕೊಂಡು ನಡೆಸುವ ಘಟಕಗಳು ಗ್ರಾಹಕರ ಆಯೋಗವನ್ನು ನೆಚ್ಚಿ ಕೂರುವಂತಿಲ್ಲ. ಅವುಗಳಿಗೆ ಮುಖ್ಯ ಆಸರೆ ಸರಕುಗಳ ಮಾರಾಟ ಅಧಿನಿಯಮ, 1930.

ಆ ಅಧಿನಿಯಮದ 15ನೇ ಕಲಮಿನಂತೆ, ವಿವರಣೆಯ ಆಧಾರದ ಮೇಲೆ ಮಾರಾಟವಾದ ಸರಕು ಆ ವಿವರಣೆಗೆ ಹೊಂದಿಕೆಯಾಗಬೇಕೆಂಬುದು ಒಪ್ಪಂದದ ಅಂತರ್ಗತ ಷರತ್ತು. 16ನೇ ಕಲಮಿನಂತೆ, ಖರೀದಿದಾರನು ತನ್ನ ನಿರ್ದಿಷ್ಟ ಉದ್ದೇಶವನ್ನು ತಿಳಿಸಿ, ಅಂತಹ ಸರಕಿನ ವ್ಯಾಪಾರ ನಡೆಸುವ ಮಾರಾಟಗಾರನ ಪರಿಣತಿಯನ್ನು ನಂಬಿ ಕೊಂಡಿದ್ದರೆ, ಸರಕು ಆ ಉದ್ದೇಶಕ್ಕೆ ತಕ್ಕುದಾಗಿರಬೇಕು. ಆದರೆ ಅದೇ ಕಲಮಿನಲ್ಲಿ ಒಂದು ಪರಂತುಕವಿದೆ: ಪೇಟೆಂಟ್ ಅಥವಾ ವ್ಯಾಪಾರನಾಮದಿಂದ ನಿರ್ದಿಷ್ಟ ವಸ್ತುವನ್ನು ಕೊಂಡಾಗ, ಉದ್ದೇಶಕ್ಕೆ ತಕ್ಕುದಾಗಿರಬೇಕೆಂಬ ಷರತ್ತು ಅನ್ವಯಿಸುವುದಿಲ್ಲ. ಕೇವಲ ಹೆಸರು ಹೇಳಿ ‘ಇಂತಹ ಕಾರ್ಡು ಒಂದು’ ಎಂದು ಆದೇಶ ಬರೆಯುವ ಉದ್ಯಮಿ ತನ್ನ ರಕ್ಷಣೆಯನ್ನು ತಾನೇ ಸಡಿಲಿಸಿಕೊಳ್ಳುತ್ತಾನೆ ಎಂಬುದು ಇದರ ತಾತ್ಪರ್ಯ. ‘ಜಿಡಿಡಿಆರ್5 ಮೆಮೊರಿ, 64 ಬಿಟ್ ಮಾರ್ಗ’ ಎಂದು ಖರೀದಿ ಆದೇಶದಲ್ಲಿಯೂ ಬಿಲ್ಲಿನಲ್ಲಿಯೂ ಬರೆದಿದ್ದರೆ ಅದು ವಿವರಣೆಯಾಗುತ್ತದೆ. ಡಿಡಿಆರ್4 ಕಾರ್ಡು ಬಂದರೆ ಹಿಂದಿರುಗಿಸಲು ಆಧಾರ ದೊರೆಯುತ್ತದೆ. ಆದರೆ 42ನೇ ಕಲಮಿನಂತೆ, ತಕ್ಕ ಕಾಲಾವಧಿ ಮೀರಿದರೂ ನಿರಾಕರಣೆಯನ್ನು ತಿಳಿಸದೆ ಸರಕನ್ನು ಇಟ್ಟುಕೊಂಡರೆ ಅದನ್ನು ಅಂಗೀಕರಿಸಿದಂತೆಯೇ ಸರಿ. ಆದ್ದರಿಂದ ಪೆಟ್ಟಿಗೆ ತೆರೆದ ದಿನವೇ ಪರೀಕ್ಷೆ ನಡೆಯುವುದು ಕ್ಷೇಮ.

ಮಾರಾಟಗಾರರ ವಾದ

ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಯಾಗಲಿ ಜಿಲ್ಲಾ ಕೇಂದ್ರದ ವಿತರಕರಾಗಲಿ, ಮಾರಾಟಗಾರರ ಕಷ್ಟವನ್ನೂ ಪರಿಗಣಿಸಬೇಕು. ಗ್ರಾಹಕರು ಕೇಳುವುದೇ ಜಿಬಿ ಮತ್ತು ಬೆಲೆ; ಲಾಭಾಂಶ ತೀರ ಕಡಿಮೆ; ಪ್ರತಿಯೊಬ್ಬರಿಗೂ ಪರೀಕ್ಷೆ ಮಾಡಿ ತೋರಿಸುತ್ತ ಕುಳಿತರೆ ಪೆಟ್ಟಿಗೆ ಒಡೆದ ಸರಕು ಹೊಸದೆಂದು ಮಾರಾಟವಾಗದು ಎಂಬುದು ಅವರ ವಾದ. ಈ ವಾದದಲ್ಲಿ ಹುರುಳಿದೆ. ಎಲ್ಲ ಕಾರ್ಡುಗಳನ್ನೂ ತೆರೆದು ತೋರಿಸಬೇಕೆಂದು ಯಾರೂ ಕೇಳಲಾರರು. ಆದರೆ ಹೆಚ್ಚು ಮಾರಾಟವಾಗುವ ಎರಡು ಮೂರು ಕಾರ್ಡುಗಳ ಪ್ರದರ್ಶನ ಗಣಕವೊಂದನ್ನು ಇಟ್ಟುಕೊಳ್ಳುವುದು ಅಸಾಧ್ಯವಲ್ಲ. ಕೊಟೇಷನ್ನಿನಲ್ಲಿ ಆರು ಸಾಲು ಹೆಚ್ಚು ಬರೆಯುವುದಕ್ಕಂತೂ ಖರ್ಚೇ ಇಲ್ಲ. ವಿವರ ಬರೆದು ಮಾರಿದ ಅಂಗಡಿಗೆ ಸರಕು ಹಿಂದಿರುಗುವ ತಂಟೆಯೂ ಕಡಿಮೆ, ಬೆಲೆ ಇಳಿಸಿ ಕೀಳು ಸರಕು ದಾಟಿಸುವ ಪ್ರತಿಸ್ಪರ್ಧಿಯ ಎದುರು ತನ್ನ ದರವನ್ನು ಸಮರ್ಥಿಸಿಕೊಳ್ಳಲು ಆಧಾರವೂ ಉಂಟು.

ಹಳೆಯ ಕಾರ್ಡುಗಳ ವ್ಯಾಪಾರದಲ್ಲಿ ಈ ಪ್ರಾಮಾಣಿಕತೆ ಇನ್ನೂ ಅಗತ್ಯ. 2022ರ ಸೆಪ್ಟೆಂಬರಿನಲ್ಲಿ ಇಥೀರಿಯಂ ಎಂಬ ಗೂಢಲಿಪಿ ಹಣದ ವ್ಯವಸ್ಥೆಯು ಗ್ರಾಫಿಕ್ಸ್ ಕಾರ್ಡುಗಳಿಂದ ನಡೆಯುತ್ತಿದ್ದ ‘ಗಣಿಗಾರಿಕೆ’ಯನ್ನು ಕೈಬಿಟ್ಟಾಗ, ಹಗಲಿರುಳು ದುಡಿದ ಅಪಾರ ಸಂಖ್ಯೆಯ ಕಾರ್ಡುಗಳು ಮರುಮಾರಾಟಕ್ಕೆ ಬಂದವು. ಹಳೆಯ ಚಿಪ್ಪಿಗೆ ಹೊಸ ಹೆಸರು ತೋರುವಂತೆ ತಿದ್ದಿದ ನಕಲಿ ಕಾರ್ಡುಗಳೂ ಚಲಾವಣೆಯಲ್ಲಿದ್ದು, ಜಿಪಿಯು-ಜೆಡ್ ತಂತ್ರಾಂಶವು ಅಂತಹ ಅನೇಕವನ್ನು 2018ರಿಂದ ಗುರುತಿಸಿ ತೋರಿಸುತ್ತಿದೆ.

ಆಗಬೇಕಾದ್ದೇನು?

ಮೊದಲನೆಯದಾಗಿ, ಪ್ರತಿಯೊಂದು ಕೊಟೇಷನ್ ಹಾಗೂ ಬಿಲ್ಲಿನಲ್ಲಿ ಚಿಪ್ಪಿನ ಪೂರ್ಣ ಹೆಸರು, ಗಣನಾ ಘಟಕಗಳ ಸಂಖ್ಯೆ, ಮೆಮೊರಿಯ ಪ್ರಮಾಣ ಮತ್ತು ಬಗೆ, ಮಾರ್ಗದ ಅಗಲ, ವಿದ್ಯುತ್ ಮಿತಿ, ಪಿಸಿಐ ಮಾರ್ಗಗಳ ಸಂಖ್ಯೆ, ಖಾತರಿ ನೀಡುವವರು ಯಾರು, ಸರಕು ಹೊಸದೋ ಬಳಸಿದ್ದೋ ಎಂಬ ವಿವರಗಳಿರಬೇಕು. ಲ್ಯಾಪ್‌ಟಾಪ್ ಆದರೆ ಗ್ರಾಫಿಕ್ಸ್ ಚಿಪ್ಪಿಗೆ ತಯಾರಕರು ನಿಗದಿ ಮಾಡಿರುವ ವ್ಯಾಟ್ ಮಿತಿಯನ್ನು ಕಡ್ಡಾಯವಾಗಿ ಕೇಳಿ ಪಡೆಯಬೇಕು.

ಎರಡನೆಯದಾಗಿ, ಖರೀದಿದಾರರು ತಮ್ಮ ಕೆಲಸವನ್ನು ಪ್ರತಿನಿಧಿಸುವ ಎರಡು ಮೂರು ಕಡತಗಳನ್ನು ಪರೀಕ್ಷೆಗೆಂದೇ ಸಿದ್ಧವಾಗಿಟ್ಟುಕೊಳ್ಳಬೇಕು ಮತ್ತು ‘ಇಂತಹ ತಂತ್ರಾಂಶಕ್ಕೆ, ಇಂತಹ ಗಣಕಕ್ಕೆ’ ಎಂದು ಉದ್ದೇಶವನ್ನು ಆದೇಶದಲ್ಲಿಯೇ ಬರೆಯಬೇಕು.

ಮೂರನೆಯದಾಗಿ, ವಾಣಿಜ್ಯ ಮತ್ತು ಕೈಗಾರಿಕಾ ಸಂಸ್ಥೆಗಳು ಇಲ್ಲಿ ಮುಂದಾಳತ್ವ ವಹಿಸಬಹುದು. ಕೊಟೇಷನ್ನಿನ ಒಂದು ಮಾದರಿ ನಮೂನೆಯನ್ನು ಸಿದ್ಧಪಡಿಸಿ ಸದಸ್ಯರಿಗೆ ಹಂಚುವುದು, ಟೂಲ್‌ರೂಮು, ಮುದ್ರಣ, ವಿಡಿಯೊ ಹೀಗೆ ವಲಯವಾರು ಪರೀಕ್ಷಾ ಕಡತಗಳನ್ನು ಸಂಗ್ರಹಿಸಿ, ಸದಸ್ಯರ ಗಣಕಗಳಲ್ಲಿ ಬಂದ ಫಲಿತಾಂಶವನ್ನು ಪಟ್ಟಿ ಮಾಡಿ ಪ್ರಕಟಿಸುವುದು ದೊಡ್ಡ ವೆಚ್ಚದ ಕೆಲಸವಲ್ಲ. ಸದಸ್ಯರಲ್ಲಿ ಕೊಳ್ಳುವವರೂ ಮಾರುವವರೂ ಇರುವುದರಿಂದ ಎರಡೂ ಕಡೆಯ ವಿಶ್ವಾಸಕ್ಕೆ ಪಾತ್ರವಾಗುವ ವೇದಿಕೆ ಇದಕ್ಕಿಂತ ಬೇರೊಂದಿಲ್ಲ.

ಅಡಿಕೆ ಮಂಡಿಯ ದರ್ಜೆಗಳನ್ನಾಗಲಿ ಮೋಟಾರಿನ ನಾಮಫಲಕವನ್ನಾಗಲಿ ತಯಾರಕರು ಒಂದು ದಿನದಲ್ಲಿ ದಯಪಾಲಿಸಿದ್ದಲ್ಲ. ಕೊಳ್ಳುವವರು ಬಿಡದೆ ಕೇಳಿದ್ದರಿಂದ, ಮಾರುವವರು ಒಪ್ಪಿ ನಡೆದದ್ದರಿಂದ ಅವು ವ್ಯಾಪಾರದ ಧರ್ಮವಾಗಿ ಬೆಳೆದುಬಂದವು. ಗಣಕಯಂತ್ರದ ಪೇಟೆಯಲ್ಲೂ ಆ ಧರ್ಮ ನೆಲೆಗೊಳ್ಳಬೇಕಾದರೆ, ‘ಎಷ್ಟು ಜಿಬಿ?’ ಎಂಬ ಪ್ರಶ್ನೆಯ ಜಾಗದಲ್ಲಿ ‘ವಿವರವನ್ನು ಬರೆದುಕೊಡಿ, ಈ ಕಡತವನ್ನು ತೆರೆದು ತೋರಿಸಿ’ ಎಂಬ ಬೇಡಿಕೆ ಕೇಳಿಬರಬೇಕು.